ಸೋಮವಾರದ ಕೊಂಡಿ

ಹೊಸದುರ್ಗದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಇನ್ನೂ ನಸುಕು. ಟೀ ಅಂಗಡಿಯ ಒಲೆ ಹೊತ್ತಿಲ್ಲ. ಚಿತ್ತಯ್ಯ ಆಗಲೇ ಗೋಣಿತಾಟು ಹಾಸಿ ಕೂತು, ಮೋಟರ್‌ಬೈಕಿನ ಪಕ್ಕಕ್ಕೆ ಬಿಗಿಯುವ ತಗಡಿನ ಪೆಟ್ಟಿಗೆಯೊಂದನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಾನೆ. ಅದರ ಕೊಂಡಿ ಕೆಟ್ಟಿದೆ. ಒತ್ತಿದರೆ ಕೂರುತ್ತದೆ, ಗಾಡಿ ಒಂದು ಗುಂಡಿಗೆ ಇಳಿದರೆ ಸಾಕು, ಬಿಚ್ಚಿಕೊಳ್ಳುತ್ತದೆ.

"ಪೂರ್ತಿ ಮುರ್ದಿದ್ರೆ ವಾಸಿ ಇತ್ತು ಕಣ್ರಿ, ಕಣ್ಣಿಗಾದ್ರೂ ಕಾಣ್ತಿತ್ತು. ಇದು ಹಾಕ್ಕಂಡಂಗೆ ನಟನೆ ಮಾಡ್ತೈತೆ" ಎನ್ನುತ್ತಾನೆ, ಪತ್ರಿಕೆಗೆ ಬರೆಯಲು ಬಂದ ನನ್ನ ಕಡೆ ನೋಡಿ.

ಬಟ್ಟೆ ಮಾರುವವರು, ಔಷಧಿ ಅಂಗಡಿಯವರು, ಊರೂರು ತಿರುಗುವ ನೌಕರರು, ಬೈಕಿಗೆ ಪೆಟ್ಟಿಗೆ ಕಟ್ಟಿಕೊಂಡವರೆಲ್ಲ ಒಂದಲ್ಲ ಒಂದು ದಿನ ಇವನ ಮುಂದೆ ಬಂದು ನಿಲ್ಲಲೇಬೇಕು. ಅವರಲ್ಲಿ ಎಷ್ಟು ಜನಕ್ಕೆ ಇವನ ಹೆಸರು ಗೊತ್ತು ಅಂತೀರಿ? 'ಏ ಡಬ್ಬದೋನೇ' ಎಂದು ಕೂಗಿದರೆ ಮುಗಿಯಿತು. ಕೊಂಡಿಯ ಸವೆದ ನಾಲಿಗೆಯನ್ನು ಕಿತ್ತು ಹೊಸ ಪಟ್ಟಿ ಬಡಿದು, ಅರದಿಂದ ಉಜ್ಜಿ ಕೂರಿಸುತ್ತಾನೆ. ಆಮೇಲೆ ಪೆಟ್ಟಿಗೆಗೆ ಕಲ್ಲು ತುಂಬಿ, ಎರಡೂ ಕೈಯಲ್ಲಿ ಎತ್ತಿ, ದೆವ್ವ ಹಿಡಿದವನ ಹಾಗೆ ಕುಲುಕುತ್ತಾನೆ. ನೋಡಿದವರು ನಗುತ್ತಾರೆ. ನಗಲಿ ಬಿಡಿ, ಅವರಿಗೇನು ಗೊತ್ತು.

ಚಿತ್ತಯ್ಯ ಬಾಗೂರಿನ ಕುರಿಗಾಹಿ ಮನೆಯವನು. ಬಂಡೆಯಿಂದ ಬಿದ್ದು ಕಾಲು ಕುಂಟಾದ ಮೇಲೆ ಹಿಂಡಿನ ಹಿಂದೆ ಅಲೆಯಲಾಗದೆ ಪೇಟೆಗೆ ಬಂದು ತಗಡಿನ ಕೆಲಸ ಕಲಿತ. ಕುರಿಯೆಲ್ಲ ಅಣ್ಣ ಮುದ್ದಣ್ಣನ ಪಾಲಿಗೆ ಉಳಿದವು. ಅವರ ಮನೆಯಲ್ಲೊಂದು ನೇಮ: ಸೋಮವಾರ ದೇವರ ವಾರ, ಅವತ್ತು ಕಬ್ಬಿಣ ಮುಟ್ಟುವಂತಿಲ್ಲ. ಉಣ್ಣೆ ಕತ್ತರಿಸುವುದಿಲ್ಲ, ಕೊಡಲಿ ಎತ್ತುವುದಿಲ್ಲ. ಪೇಟೆಗೆ ಬಂದರೂ ಚಿತ್ತಯ್ಯ ಅದನ್ನು ಬಿಟ್ಟಿರಲಿಲ್ಲ.

ಹೋದ ವರ್ಷದ ಮುಂಗಾರಿನಲ್ಲಿ ಅಂಥದ್ದೇ ಒಂದು ಸೋಮವಾರ. ಬಾಗೂರಿನ ಕಡೆ ಕುರಿಗಳಿಗೆ ಸಿಡುಬು ಬಂದಿತ್ತು. ಪಶು ಆಸ್ಪತ್ರೆಯಿಂದ ಸೂಜಿ ಹಾಕಲು ಹೋಗುವ ನಾಗರಾಜಪ್ಪ ಔಷಧದ ಸೀಸೆಗಳನ್ನು ಮಂಜುಗಡ್ಡೆಯಲ್ಲಿಟ್ಟು ಬೈಕಿನ ಪೆಟ್ಟಿಗೆಗೆ ತುಂಬಿಕೊಂಡು ಹೊರಟಿದ್ದ. ಕೊಂಡಿ ನಿಲ್ಲುತ್ತಿಲ್ಲ, ಒಂದೇಟು ಹಾಕಿಕೊಡು ಎಂದ. ಚಿತ್ತಯ್ಯ ಸುತ್ತಿಗೆ ಮುಟ್ಟಲಿಲ್ಲ. ಅದರ ಬದಲು ಉಣ್ಣೆ ಹುರಿ ತಂದು ಪೆಟ್ಟಿಗೆಯನ್ನು ಸುತ್ತಿ ಬಿಗಿದ. ಹಟ್ಟಿಯಲ್ಲಿ ಎಲ್ಲವನ್ನೂ ಕಟ್ಟುವುದು ಆ ಹುರಿಯಲ್ಲೇ. ಅದರ ಮೇಲೆ ಅವನಿಗೆ ಅಷ್ಟು ನಂಬಿಕೆ.

ದಾರಿಯಲ್ಲಿ ಮಳೆ ಹಿಡಿಯಿತು. ನೆನೆದ ಹುರಿ ಹಿಗ್ಗಿ, ಗಂಟು ಜಾರಿ, ಬಾಗೂರಿನ ಹತ್ತಿರದ ಇಳಿಜಾರಿನಲ್ಲಿ ಪೆಟ್ಟಿಗೆ ಬಾಯಿ ಬಿಟ್ಟಿತು. ಸೀಸೆಗಳು ಕಲ್ಲಿನ ಮೇಲೆ ಬಿದ್ದು ಪುಡಿಯಾದವು. ಮತ್ತೆ ಔಷಧ ಬರುವ ಹೊತ್ತಿಗೆ ಮುದ್ದಣ್ಣನ ಹಿಂಡು ಮಣ್ಣಾಗಿತ್ತು.

ನಾಗರಾಜಪ್ಪನಿಗೇನಾಯಿತು? ವರ್ಗವಾಗಿ ಹಿರಿಯೂರಿನ ಕಡೆ ಹೋದ. ಮುದ್ದಣ್ಣ ಇವತ್ತು ತಾಳ್ಯದಲ್ಲಿ ಯಾರದೋ ಕುರಿ ಕಾಯುತ್ತಿದ್ದಾನೆ, ಕೂಲಿಗೆ. ಸುದ್ದಿ ತಿಳಿದ ದಿನವೇ ಚಿತ್ತಯ್ಯ ಕುಂಟುತ್ತ ಊರಿಗೆ ಓಡಿದ್ದ. ಅತ್ತಿಗೆ ಪಾಲಮ್ಮ ಒಂದು ಲೋಟ ನೀರೂ ಕೊಡಲಿಲ್ಲ. ಅಣ್ಣ ಒಂದೇ ಮಾತು ಕೇಳಿದ: "ದೇವ್ರ ವಾರ ನೆನಪಿತ್ತು. ಕುರಿ ನೆನಪಾಗ್ಲಿಲ್ಲೇನಲೇ?" ಅದೇ ಕೊನೆ, ಅಣ್ಣ ಇವತ್ತಿನವರೆಗೂ ಇವನ ಜೊತೆ ಮಾತಾಡಿಲ್ಲ.

"ದೇವ್ರೇನು ಬಂದು ಕೈ ಹಿಡ್ದಿದ್ನಾ? ನಾನೇ ದೊಡ್ಡ ಭಕ್ತ ಅಂತ ಕೈಕಟ್ಕಂಡು ಕುಂತೆ" ಎನ್ನುತ್ತಾನೆ ಚಿತ್ತಯ್ಯ. ಅಂದಿನಿಂದ ಅವನಿಗೆ ಸೋಮವಾರವಿಲ್ಲ. ಇವತ್ತೂ ಸೋಮವಾರವೇ.

ಬೆಳಕು ಹರಿಯುತ್ತಿದ್ದ ಹಾಗೆ ತೊಡೆಯ ಮೇಲಿನ ಪೆಟ್ಟಿಗೆಯ ಒಡೆಯ ಬರುತ್ತಾನೆ. ನಾಗರಾಜಪ್ಪನ ಜಾಗಕ್ಕೆ ಬಂದಿರುವ ಗೋವಿಂದಪ್ಪ. ಇವತ್ತು ತಾಳ್ಯದ ಹಟ್ಟಿಗಳಲ್ಲಿ ಸೂಜಿ ಹಾಕುವುದಿದೆ. ಆದರೆ ಬೈಕು ನಿಲ್ಲಿಸಿದವನು ತಲೆ ಕೆರೆದುಕೊಳ್ಳುತ್ತಾನೆ.

"ಅಲ್ಲಪ್ಪ, ಆ ಹಟ್ಟೀಲಿ ಮುದ್ದಣ್ಣ ಅಂತ ಒಬ್ಬ ಅವ್ನೆ. ಸೀಸೆ ತೆಗೆಯೋಕೆ ಮುಂಚೆ ಕೊಂಡಿ ಯಾರ ಹತ್ರ ಮಾಡ್ಸಿದ್ರಿ ಅಂತ ಕೇಳ್ತಾನೆ. ಹೋದ ಸಲ ನಿನ್ ಹೆಸ್ರು ಹೇಳ್ದೆ. ಕುರೀನೇ ಹಿಡ್ಕೊಡ್ಲಿಲ್ಲ ಕಣಯ್ಯ! ಏನಯ್ಯ ನೀನು ಅವಂಗೆ ಮಾಡಿದ್ದು?"

ಚಿತ್ತಯ್ಯ ಪೆಟ್ಟಿಗೆಯನ್ನು ಕೊನೆಯ ಸಲ ಕುಲುಕಿ ನೋಡುತ್ತಾನೆ. ಪೆಟ್ಟಿಗೆಯೊಳಗಿನ ಕಲ್ಲುಗಳನ್ನು ಒಂದೊಂದಾಗಿ ತೆಗೆದು ಕೆಳಗಿಡುತ್ತಾನೆ. ಒಳಗೆ ಬಟ್ಟೆಯಿಂದ ಒರೆಸುತ್ತಾನೆ. ಪೆಟ್ಟಿಗೆಯನ್ನು ಬೈಕಿಗೆ ಬಿಗಿದು, ಗೋವಿಂದಪ್ಪ ಚೀಲದಲ್ಲಿ ತಂದ ಸೀಸೆ, ಮಂಜುಗಡ್ಡೆಯನ್ನು ಒಳಗಿಟ್ಟು, ಕೊಂಡಿ ಒತ್ತಿ, ಬೆರಳಿನಿಂದ ಎಳೆದು ನೋಡುತ್ತಾನೆ. ಅದು ಅಲುಗುವುದಿಲ್ಲ.

"ಈ ಸಲ ಹೊಳಲ್ಕೆರೇಲಿ ಮಾಡ್ಸಿದ್ದು ಅನ್ರಿ" ಎನ್ನುತ್ತಾನೆ. "ಯಾರೋ ಒಳ್ಳೆ ಕೆಲಸ್ಗಾರ ಅಂತ ಹೇಳ್ರಿ. ಅವ್ನು ಕುರಿ ಹಿಡ್ಕೊಟ್ರೆ ಸಾಕು. ಹೋಗ್ರಿ, ಮಂಜುಗಡ್ಡೆ ಕರಗ್ತೈತೆ."

ಬೈಕು ಗಲ್ಲಿಯ ಕೊನೆಯ ಗುಂಡಿಗೆ ಧಡ್ ಎಂದು ಇಳಿದು ಏಳುತ್ತದೆ. ಅದು ತಿರುವಿನಲ್ಲಿ ಮರೆಯಾಗುವವರೆಗೂ ಚಿತ್ತಯ್ಯನ ಕಣ್ಣು ಪೆಟ್ಟಿಗೆಯ ಮೇಲೇ ಇದೆ. ಪತ್ರಿಕೆಗೆ ಬರೆಯುವಾಗ ನಿನ್ನ ಹೆಸರು ಹಾಕಬಹುದೇ ಎಂದು ಕೇಳಿದರೆ, ಸುತ್ತಿಗೆಯನ್ನು ಕೈಗೆತ್ತಿಕೊಂಡು ಹೇಳುತ್ತಾನೆ:

"ಹಾಕ್ಕಳ್ರಿ. ನಮ್ಮಣ್ಣಂಗೆ ಓದಕ್ಕೆ ಬರಲ್ಲ."