ಅತ್ತೆ ಪಾಸು ಮಾಡಿದ ಬಿಳಿ

ನಮ್ಮ ಕಾರ್ಖಾನೆಯಲ್ಲಿ ಬಿಳಿ ಯಾವುದು ಎಂದು ತೀರ್ಮಾನಿಸುತ್ತಿದ್ದವರು ನಮ್ಮತ್ತೆ. ಟಿವಿಗೆ ಸಿಕ್ಕಿಸಿ ಆಡುವ ಗೇಮ್ ಪೆಟ್ಟಿಗೆ ಇರುತ್ತದಲ್ಲ, ಅದರ ಕಂಟ್ರೋಲರಿನ ಹೊರಚಿಪ್ಪು ಮಾಡುವುದು ನಮ್ಮ ಕೆಲಸ. ಕಪ್ಪು, ಕೆಂಪು, ಎಲೆಹಸಿರು, ಒಳಗಿನ ತಂತಿಯೆಲ್ಲ ಕಾಣುವ ಗಾಜಿನಂಥದ್ದು, ಹೀಗೆ ವರ್ಷಕ್ಕೊಂದು ಹೊಸ ಬಣ್ಣ ಬರುತ್ತದೆ. ಆಕಾರವೂ ಬದಲಾಗಿದೆ. ಮೊದಲು ಡುಮ್ಮಗಿತ್ತು, ಈಗ ತೆಳ್ಳಗಾಗಿ, ಬೆವರಿದ ಕೈ ಜಾರದಿರಲೆಂದು ಹಿಡಿಕೆಯ ಮೇಲೆ ಸಣ್ಣ ಚುಕ್ಕಿಗಳೂ ಎದ್ದಿವೆ. ಬದಲಾಗದೆ ಉಳಿದದ್ದು ಬಿಳಿ ಬಣ್ಣ ಮತ್ತು ಅತ್ತೆಯ ಮಾತು.

ಬಣ್ಣ ಗುರುತಿಸುವುದರಲ್ಲಿ ಅವರದು ಎತ್ತಿದ ಕೈ. ಅಚ್ಚಿನಿಂದ ಬಿದ್ದ ಮೊದಲ ಚಿಪ್ಪನ್ನು ಕಿಟಕಿಯ ಬೆಳಕಿಗೆ ಹಿಡಿದು, ಅತ್ತ ಇತ್ತ ಓರೆ ಮಾಡಿ, "ಹೂಂ" ಅಂದರೆ ಮಷೀನು ಓಡುತ್ತಿತ್ತು. "ಉಹೂಂ" ಅಂದರೆ ನಿಲ್ಲುತ್ತಿತ್ತು. ಹೋಲಿಸಿ ನೋಡಲೆಂದು ಪ್ರತಿ ಬಣ್ಣದ ಮೂಲ ಮಾದರಿಯನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದಾರೆ. ಅತ್ತೆ ಆ ಬೀರು ತೆಗೆದದ್ದನ್ನು ನಾನಂತೂ ಕಂಡಿರಲಿಲ್ಲ. "ಮಾದರಿ ನನ್ನ ಕಣ್ಣಲ್ಲೇ ಇದೆ" ಎನ್ನುತ್ತಿದ್ದರು. ಜಂಬ ಅಂತೀರಾ? ಜಂಬವೇ. ಆದರೆ ಅವರ ಲೆಕ್ಕ ಎಂದೂ ತಪ್ಪುತ್ತಿರಲಿಲ್ಲ. ಹಾಗಾಗಿ ಸೊಸೆಯಾದ ನಾನೂ ಆ ಜಂಬದಲ್ಲಿ ಸ್ವಲ್ಪ ಪಾಲು ತೆಗೆದುಕೊಂಡು ಓಡಾಡುತ್ತಿದ್ದೆ.

ನನ್ನದು ಜೋಡಣೆಯ ಮೇಜು. ಮೇಲ್ಚಿಪ್ಪಿಗೆ ಕೆಳಚಿಪ್ಪು ಕೂಡಿಸಿ ತಿರುಪು ಬಿಗಿಯಬೇಕು. ಆ ಸಲ ಬಿಳಿಯಲ್ಲಿ ಕೆಳಚಿಪ್ಪು ಹಳೆಯ ದಾಸ್ತಾನಿತ್ತು, ಅದೂ ಅತ್ತೆಯೇ ಪಾಸು ಮಾಡಿದ್ದು. ಮೇಲ್ಚಿಪ್ಪು ಮಾತ್ರ ಹೊಸದಾಗಿ ಆಗಬೇಕಿತ್ತು. ಬಣ್ಣ ಬೆರೆಸುವವನು ತಂದದ್ದನ್ನೆಲ್ಲ ಅತ್ತೆ ಪಕ್ಕಕ್ಕೆ ತಳ್ಳಿದರು.

"ಹಳದಿ ಹೊಡೀತಿದೆ. ಇನ್ನೊಂಚೂರು ನೀಲಿ ಹಾಕು."

ಅವನು ಹಾಕಿದ. ಇನ್ನೂ ಹಳದಿ ಅಂದರು. ಮತ್ತೆ ಹಾಕಿದ.

"ನನಗೆ ಆಗಲೇ ಬೆಳ್ಳಗೆ ಕಂಡಿತ್ತಲ್ಲಮ್ಮಾ" ಎಂದು ಅವನು ಗೊಣಗಿದ.

"ಬೆಳ್ಳಗಿರೋದೆಲ್ಲ ಹಾಲಲ್ಲ ಕಣೋ" ಎಂದು ಅತ್ತೆ ಅವನ ಬಾಯಿ ಮುಚ್ಚಿಸಿದರು. ಕೊನೆಗೂ "ಹೂಂ" ಬಂತು, ಮಷೀನು ಓಡಿತು.

ಆ ಚಿಪ್ಪುಗಳು ನನ್ನ ಮೇಜಿಗೆ ಬಂದವು. ಹಳೆಯ ಕೆಳಚಿಪ್ಪಿನ ಮೇಲೆ ಕೂರಿಸಿ ನೋಡಿದರೆ, ಒಗೆದ ಅಂಗಿಗೆ ನೀಲಿ ಹೆಚ್ಚಾದ ಹಾಗಿದೆ. ಅಕ್ಕಪಕ್ಕದವರೂ ನೋಡಿದರು, ನೋಡಿದವರೆಲ್ಲ ತಲೆ ತಗ್ಗಿಸಿ ತಿರುಪು ಹುಡುಕತೊಡಗಿದರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಸುಮ್ಮನಿದ್ದರೆ ಸರಕು ಹೋಗಿ ವಾಪಸು ಬರುತ್ತದೆ, ಅತ್ತೆಯನ್ನು ಆ ಕಿಟಕಿಯಿಂದ ಎಬ್ಬಿಸುತ್ತಾರೆ. ಹೇಳಿದರೆ, ಎಲ್ಲರೆದುರು ಅವರ ಕಣ್ಣು ಕೆಟ್ಟಿದೆ ಅಂದ ಹಾಗೆ. ನನಗೆ ಭಯವಾಯಿತು. ಆದರೂ ಹೊರಗಿನವರು ಹೇಳುವುದಕ್ಕಿಂತ ಮನೆಯವಳು ಹೇಳುವುದು ಮೇಲು ಅಂದುಕೊಂಡು ಎದ್ದೆ.

"ಅತ್ತೆ, ಮೇಲಿಂದು ನೀಲಿ ಹೊಡೀತಿದೆ." ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟೆ.

"ಮೇಲಿಂದು ಸರಿಯಾಗೇ ಇದೆ. ಕೆಳಗಿಂದು ಹಳದಿಯಾಗಿದೆ. ಪ್ಲಾಸ್ಟಿಕ್ಕು ಇಟ್ಟಲ್ಲೇ ಹಳದಿಯಾಗುತ್ತೆ, ಅಷ್ಟೂ ಗೊತ್ತಿಲ್ವಾ?"

ನಾನು ಬೀರು ತೆಗೆದು ಮೂಲ ಮಾದರಿ ತಂದು ಕೊಟ್ಟೆ. ಅವರು ಅದನ್ನೂ ಬೆಳಕಿಗೆ ಹಿಡಿದರು. "ನೋಡು, ಇದೂ ಹಳದಿಯಾಗಿದೆ."

ಕತ್ತಲಲ್ಲಿ ಬಟ್ಟೆಯೊಳಗಿದ್ದದ್ದು ಹೇಗೆ ಹಳದಿಯಾಗುತ್ತದೆ ಎಂದು ವಾದಿಸಲು ಹೋಗಲಿಲ್ಲ. ಅವರನ್ನು ವಾದದಲ್ಲಿ ಗೆದ್ದವರಿಲ್ಲ, ನನ್ನ ಗಂಡನನ್ನು ಕೇಳಿ ನೋಡಿ. ಪ್ಯಾಕಿಂಗ್ ಮೇಜಿನಿಂದ ಹೊಸ ಬಿಳಿ ಕಾಗದದ ಕಟ್ಟೊಂದನ್ನು ತಂದು, ಅವರೆದುರೇ ಹೊದಿಕೆ ಹರಿದು, ಒಂದು ಹಾಳೆ ಎಳೆದುಕೊಟ್ಟೆ.

"ಇದು ಯಾವ ಬಣ್ಣ ಅತ್ತೆ?"

"ಹಳ..." ಎಂದವರು ಅಲ್ಲೇ ನಿಂತರು. ಹಾಳೆಯನ್ನು ತಿರುಗಿಸಿದರು. ಕಿಟಕಿಯ ಹತ್ತಿರ ಹೋದರು, ವಾಪಸು ಬಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಮೇಲೆ, ಅದೇ ದೊಡ್ಡ ಗಂಟಲಲ್ಲಿ, "ಮಷೀನು ನಿಲ್ಲಿಸೋ" ಎಂದು ಕೂಗಿದರು. ನನ್ನ ಕಡೆ ತಿರುಗಿ, "ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತ ಊರಿಗೆಲ್ಲ ಬುದ್ಧಿ ಹೇಳ್ತಿದ್ದೆ. ನಡಿ, ಡಾಕ್ಟರ ಹತ್ರ ಹೋಗೋಣ" ಅಂದರು.

ಕಾಮಾಲೆಯಲ್ಲ, ಕಣ್ಣಿನ ಪೊರೆ. ಅದು ಬಲಿತರೆ ಬಿಳಿಯೂ ಹಳದಿಯಾಗಿ ಕಾಣುತ್ತದಂತೆ. ಎರಡೂ ಕಣ್ಣಲ್ಲಿ ಬೆಳೆದಿತ್ತು; ಮೊದಲು ಒಂದಕ್ಕೆ ಆಪರೇಷನ್ ಆಯಿತು. ಆ ನೀಲಿ ಮೇಲ್ಚಿಪ್ಪುಗಳಿಗೆ ಅದೇ ಬಣ್ಣದ ಕೆಳಚಿಪ್ಪು ಮಾಡಿಸಿ, 'ಮಂಜು ನೀಲಿ' ಎಂದು ಹೆಸರಿಟ್ಟು ಮಾರುವ ಉಪಾಯ ಮಾಲೀಕರಿಗೆ ಹೊಳೆಯಿತು. ಕೆಲಸಕ್ಕೆ ಮರಳಿದ ದಿನ ಅತ್ತೆ ಅದನ್ನು ಕೈಗೆತ್ತಿಕೊಂಡು, ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು.

"ಈ ಕಣ್ಣಿಗೆ ಬಿಳಿ, ಈ ಕಣ್ಣಿಗೆ ಆಕಾಶ. ಇದಕ್ಕಾ ನಾನು ಹೂಂ ಅಂದಿದ್ದು?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಮಗೂ ಆಗ ನಗುವ ಧೈರ್ಯ ಬಂತು.

ಬಣ್ಣ ಬೆರೆಸುವವನು ಬಿಳಿಯ ಹೊಸ ಚಿಪ್ಪು ತಂದ. ಅತ್ತೆ ತಾವೇ ಬೀರು ತೆಗೆದು, ಕಪ್ಪು ಬಟ್ಟೆ ಬಿಚ್ಚಿ, ಮಾದರಿಯನ್ನು ಅದರ ಪಕ್ಕದಲ್ಲಿಟ್ಟು ಹೊಸ ಕಣ್ಣಿಂದ ಬಹಳ ಹೊತ್ತು ನೋಡಿದರು. ನಾವೆಲ್ಲ ಕಾದೆವು. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಎರಡನ್ನೂ ನನ್ನ ಕೈಗಿತ್ತು, ಕಿಟಕಿಯ ಹತ್ತಿರ ನನಗೆ ಜಾಗ ಬಿಟ್ಟು ನಿಂತರು.

"ನಾನು ನೋಡಿದ್ದಾಯ್ತು. ಈಗ ನೀನು ಹೇಳು."

ಎರಡನ್ನೂ ಬೆಳಕಿಗೆ ಹಿಡಿದು, ಅತ್ತ ಇತ್ತ ಓರೆ ಮಾಡಿ ನೋಡಿ, "ಹೂಂ" ಅಂದೆ. ಮಷೀನು ಓಡಿತು.