ಅಕ್ಕಿ ಕೊಟ್ಟ ಬೀದಿ

ಈ ಸಲದ ಶಿವರಾತ್ರಿಗೆ ನೀಲಾವತಿ ಇಲ್ಲ. ಮೈಸೂರಿನ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದು, ಅಲ್ಲಿಯೇ ತೀರಿಹೋದಳು. ಆ ಮನೆಯನ್ನು ಅವಳು ಹುಡುಕಿಕೊಂಡ ಬಗೆಯನ್ನು, ಮೊದಲು ಕೆಲಸಕ್ಕಿದ್ದ ಗುಂಡ್ಲುಪೇಟೆಯ ಕಚೇರಿಯಲ್ಲಿ ಈಗಲೂ ನಗುತ್ತಲೇ ಹೇಳುತ್ತಾರೆ. ಕೊನೆಯ ಭಾಗವನ್ನು ಅವಳು ಅಲ್ಲಿನ ಗೆಳತಿ ಶಾಂತಿಗೆ ಮಾತ್ರ ಹೇಳಿದ್ದಳು.

ಉಡಿಗಾಲ ಎಂಬ ಹಳ್ಳಿಯ ಹೆಣ್ಣು. ಮಕ್ಕಳಿಲ್ಲ. ಗಂಡ ಸತ್ತ ಮೇಲೆ ಸಿಕ್ಕಿದ ಅಟೆಂಡರ್ ಕೆಲಸ, ಐವತ್ತರ ಹತ್ತಿರ ಮೈಸೂರಿಗೆ ವರ್ಗ. ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಒಂದೊಂದು ಏರಿಯಾ. ವಿಜಯನಗರದಲ್ಲಿ ಗಾಳಿ ಚೆನ್ನ, ಸರಸ್ವತಿಪುರಂನಲ್ಲಿ ನೀರು ಚೆನ್ನ ಎಂದರು.

“ನೀರು ಗಾಳಿ ಕಟ್ಕಂಡು ಏನ್ ಮಾಡ್ಲಿ? ಬಾಗ್ಲು ತಟ್ಟುದ್ರೆ ತೆಗ್ಯೋರು ಬೇಕು ಕಣೆ,” ಎಂದಳು ನೀಲಾವತಿ, ಶಾಂತಿಗೆ.

ಪ್ರತಿ ಶಿವರಾತ್ರಿಗೂ ಮುಂಚೆ ಅವಳು ಬೆಟ್ಟದ ದೇವರು ಮಾದಪ್ಪನ ಹೆಸರಿನಲ್ಲಿ ಐದು ಮನೆ ಭಿಕ್ಷೆ ಎತ್ತುತ್ತಿದ್ದಳು. ಸಂಬಳ ಬಂದರೂ ಹರಕೆ ಹರಕೆಯೇ. ಆ ಅಕ್ಕಿಯಲ್ಲೇ ಅವನ ಬೆಟ್ಟದಲ್ಲಿ ಅನ್ನ ಮಾಡಬೇಕು. ಆ ವರ್ಷ ಮೈಸೂರಿನಲ್ಲೇ ಭಿಕ್ಷೆ ಎತ್ತಿ, ಅಕ್ಕಿ ಕೊಟ್ಟ ಬೀದಿಯಲ್ಲೇ ಮನೆ ಮಾಡುವುದೆಂದು ನಿಶ್ಚಯಿಸಿದಳು.

“ಮಾದಪ್ಪುನ್ನೇ ಬ್ರೋಕರ್ ಮಾಡ್ಕಂಡ್ಬುಟ್ಟಲ್ಲೇ!” ಎಂದು ಶಾಂತಿ ನಕ್ಕಳು.

ತಲೆಯ ಮೇಲೆ ಸೆರಗು, ಹಣೆ ತುಂಬ ವಿಭೂತಿ, ಹೆಗಲಿಗೆ ಜೋಳಿಗೆ. ವಿಜಯನಗರದಲ್ಲಿ ಬೆಲ್ ಒತ್ತಿದರೆ ಗೋಡೆಯ ಪೆಟ್ಟಿಗೆಯಿಂದ ದನಿ ಬಂತು, ಮನುಷ್ಯರು ಬರಲಿಲ್ಲ. ಸರಸ್ವತಿಪುರಂನಲ್ಲಿ ಒಬ್ಬರು ಹೊರಗೆ ಬಂದರು.

“ಚಿಲ್ಲರೆ ಇಲ್ಲಮ್ಮ. ಸ್ಕ್ಯಾನರ್ ಇದ್ಯಾ?”

“ಅಕ್ಕಿ ಆಕಿ ಸ್ವಾಮಿ. ಮಾದಪ್ಪ ಇನ್ನೂ ಫೋನ್ ತಕ್ಕಂಡಿಲ್ಲ.”

ಅವರು ನಕ್ಕು ಬಾಗಿಲು ಹಾಕಿಕೊಂಡರು.

ನಂಜುಮಳಿಗೆಯ ಹಿಂದಿನ ಸಣ್ಣ ಬೀದಿಯಲ್ಲಿ “ಉಘೇ ಮಾದಪ್ಪ” ಎನ್ನುವಷ್ಟರಲ್ಲಿ ಬಾಗಿಲು ತೆರೆಯಿತು. ಐದಕ್ಕೆ ಐದೂ ಮನೆಯಲ್ಲಿ ಅಕ್ಕಿ ಸಿಕ್ಕಿತು. ಕುಮಾರಿ ಎಂಬಾಕೆ ಮೊರದ ತುಂಬ ಅಕ್ಕಿ ತಂದು, ಕಾಲಿಗೆ ನೀರು ಕೊಟ್ಟು, “ಯಾವೂರವ್ವ? ಉಂಡ್ಕಂಡು ಹೋಗು,” ಎಂದಳು. ಎದುರು ಮನೆ ಖಾಲಿಯಿತ್ತು. ನೀಲಾವತಿ ಅಂದೇ ಅಡ್ವಾನ್ಸ್ ಕೊಟ್ಟಳು.

ಹಾಲುಕ್ಕಿಸಿದ ದಿನ ವಿಭೂತಿ, ಜೋಳಿಗೆಯಿಲ್ಲದೆ ಎಂದಿನ ಸೀರೆಯಲ್ಲಿ, ಲೋಟದಲ್ಲಿ ಹಾಲು ಹಿಡಿದು ಕುಮಾರಿಯ ಬಾಗಿಲು ತಟ್ಟಿದಳು. ಕಿಟಕಿ ತೆರೆಯಿತು.

“ಯಾರು? ಕೇಬಲ್‌ನೋರಾ?”

“ಎದುರ್ ಮನೆಗೆ ಬಂದಿವ್ನಿ ಕಣವ್ವ. ಆಲು ತಂದೆ.”

“ಓ, ಹೌದಾ. ನಾವು ಹಾಲು ಕುಡಿಯಲ್ಲ.”

ಉಳಿದ ಮನೆಗಳಲ್ಲೂ ಹೀಗೆಯೇ. ‘ಅವತ್ತು ಅಕ್ಕಿಗೆ ಬಂದವಳು ನಾನೇ’ ಎನ್ನಲು ಅವಳಿಗೆ ಮನಸ್ಸಾಗಲಿಲ್ಲ. ಅವರು ಬಾಗಿಲು ತೆರೆದದ್ದು ಮಾದಪ್ಪನಿಗೆ. ಕೆನೆಗಟ್ಟಿದ ಹಾಲನ್ನು ತಾನೇ ಕುಡಿದಳು.

“ಏರಿಯಾ ಎಂಗದೆ?” ಶಾಂತಿ ಫೋನಿನಲ್ಲಿ ಕೇಳಿದಳು.

“ಒಳ್ಳೆ ಜನ ಕಣೆ.”

ಬೆಳಗ್ಗೆ ಹೋದರೆ ಸಂಜೆಗೆ ಬರುವ ಹೆಂಗಸಿನ ಮುಖವನ್ನು ಬೀದಿ ಗುರುತಿಟ್ಟುಕೊಳ್ಳಲಿಲ್ಲ. ಆಷಾಢದ ಒಂದು ಭಾನುವಾರ, ಯಾವ ಹರಕೆಯೂ ಇಲ್ಲದಿದ್ದರೂ, ಅವಳು ವಿಭೂತಿ ಬಳಿದುಕೊಂಡು, ಹಿಂದಿನ ಓಣಿಯಿಂದ ಸುತ್ತಿ ಬಂದು ಅದೇ ಬಾಗಿಲಲ್ಲಿ ನಿಂತಳು.

“ಬಾ ಅವ್ವ,” ಎಂದಳು ಕುಮಾರಿ. “ಯಾವೂರಿಂದ ಬಂದೆ?”

“ಗುಂಡ್ಲುಪ್ಯಾಟೆ.”

“ಅಯ್ಯೋ, ಅಷ್ಟು ದೂರದಿಂದ್ಲಾ? ಕೂತ್ಕೊ, ಅನ್ನ ಆಗದೆ.”

ನೀಲಾವತಿ ಜಗಲಿಯ ಮೇಲೆ ಕುಳಿತು ಉಂಡಳು. ಎದುರಿಗೆ ಅವಳ ಮನೆಯ ಬೀಗ ಕಾಣುತ್ತಿತ್ತು.