ಗ್ರೈಂಡರಿನ ನಂಬರು

ಆ ಏಪ್ರಿಲ್‌ನ ಡೈರಿಯಲ್ಲಿ ಒಂದು ಪುಟಕ್ಕೆ ಎರಡು ಕಲಂ ಎಳೆದಿದ್ದೇನೆ. ಎಡಕ್ಕೆ, ಹೋದ ಮನೆಗಳು: ನಲವತ್ತು. ಬಲಕ್ಕೆ, ಗ್ರೈಂಡರನ್ನು ಕಣ್ಣಾರೆ ಕಂಡ ಮನೆಗಳು: ಮೂವತ್ತೆಂಟು.

ಚೆನ್ನೈನ ಅಂಚಿನ ಬಹುಮಹಡಿ ವಸತಿ ಬ್ಲಾಕುಗಳಲ್ಲಿರುವ ಬಡ ಹೆಂಗಸರಿಗೆ ಒಂದು ಟ್ರಸ್ಟು ಇಡ್ಲಿ ಹಿಟ್ಟು ರುಬ್ಬಿ ಮಾರಲೆಂದು ಗ್ರೈಂಡರ್ ಕೊಟ್ಟಿತ್ತು. ಅದರಿಂದ ಬಡತನ ಕಡಿಮೆಯಾಯಿತೇ ಎಂದು ನೋಡುವುದು ಗಿಂಡಿ ಬಡಾವಣೆಯಲ್ಲಿದ್ದ ನಮ್ಮ ಆಫೀಸಿನ ಕೆಲಸ. ಮೊದಲು ಎಲ್ಲ ಮನೆಗೂ ಪ್ರಶ್ನಾವಳಿ, ಆಮೇಲೆ ಆಯ್ದ ಕೆಲವರ ಜೊತೆ ದೀರ್ಘ ಮಾತುಕತೆ. "ಎಷ್ಟು ಅನ್ನೋದನ್ನ ಎಣಿಕೆ ಹೇಳುತ್ತೆ, ಯಾಕೆ ಅನ್ನೋದನ್ನ ಮಾತು ಹೇಳುತ್ತೆ" ಎಂದು ತಂಡದ ಮುಖ್ಯಸ್ಥೆ ಮೇಡಂ ಮೊದಲ ದಿನವೇ ಹೇಳಿದ್ದರು. ನನಗೆ ಅದು ಎಷ್ಟು ಹಿಡಿಸಿತೆಂದರೆ ಕೆಂಪು ಇಂಕಿನಲ್ಲಿ ಬರೆದುಕೊಂಡಿದ್ದೆ.

ಯಂತ್ರ ಮನೆಯಲ್ಲಿದೆಯೇ, ಬಳಸುತ್ತಿದ್ದೀರಾ, ಇಷ್ಟೇ ಪ್ರಶ್ನಾವಳಿಯಲ್ಲಿತ್ತು. ನಾನು ಮಾತ್ರ ಬಗ್ಗಿ, ತಳದ ತಗಡಿನ ಮೇಲಿದ್ದ ನಂಬರನ್ನೂ ಗುರುತು ಹಾಕಿಕೊಳ್ಳುತ್ತಿದ್ದೆ. ಯಾರೂ ಹೇಳಿರಲಿಲ್ಲ. ಕಂಡದ್ದನ್ನೆಲ್ಲ ಬರೆದಿಡುವುದು ನನ್ನ ಚಾಳಿ. ಶನಿವಾರ ವೇಲಚೇರಿಯ ಮನೆಯಲ್ಲಿ ಕೂತು ಪಟ್ಟಿ ತಾಳೆ ನೋಡಿದಾಗ ಮೂರು ಮನೆಗಳಲ್ಲಿ ಒಂದೇ ನಂಬರು ಸಿಕ್ಕಿತು. ಒಂದೇ ಬ್ಲಾಕಿನ ನೆಲಮಹಡಿ, ಎರಡನೆಯದು, ನಾಲ್ಕನೆಯದು.

ಮೇಡಂ ಖುಷಿಯಾದರು. "ನೋಡು, ಎಣಿಕೆಯೊಂದೇ ಇದ್ದಿದ್ದರೆ ಇದು ಸಿಗ್ತಿತ್ತಾ? ಹೋಗಿ ಮಾತಾಡಿಸು."

ನೆಲಮಹಡಿಯ ಹೆಂಗಸಿಗೆ ನಲವತ್ತರ ಮೇಲಾಗಿರಬಹುದು. ನಾನು ಅಕ್ಕಾ ಅನ್ನುತ್ತಿದ್ದೆ, ಅವಳು ನನ್ನನ್ನು ತಮಿಳರು ಮುದ್ದಿನಿಂದ ಕರೆಯುವ ಹಾಗೆ ಕಣ್ಣು ಅನ್ನುತ್ತಿದ್ದಳು. ಒಪ್ಪಿಗೆಯ ಹಾಳೆಯನ್ನು ತಮಿಳಿನಲ್ಲಿ ಓದಿದೆ: ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ. ಅವಳು ಅಕ್ಕಿ ತೊಳೆಯುತ್ತಲೇ ತಲೆಯಾಡಿಸಿದಳು. ಆಗ ನಮ್ಮಪ್ಪ ಹೋಟೆಲಿನಲ್ಲಿ ಹಿಟ್ಟು ರುಬ್ಬುವವರು, ಉಡುಪಿ ಕಡೆಯವರು ಎಂದೆ. ಅವಳು ಮೊದಲ ಬಾರಿ ನನ್ನನ್ನು ಸರಿಯಾಗಿ ನೋಡಿದಳು.

"ಹಾಗಾದ್ರೆ ನಿನಗೆ ಗೊತ್ತಿರ್ಬೇಕು. ನಾಲ್ಕನೇ ಮಹಡಿಗೆ ನೀರು ಹೊತ್ತು ದಿನಾ ಉದ್ದು ರುಬ್ಬೋಕಾಗುತ್ತಾ?"

"ಆಗಲ್ಲ ಅಕ್ಕಾ."

"ಕೊಟ್ಟವರಿಗೆ ಗೊತ್ತಿಲ್ಲ."

ಮೂವರೂ ಸೇರಿ ಎರಡು ಗ್ರೈಂಡರ್ ಮಾರಿ ಒಂದು ಹಳೆ ಸ್ಕೂಟಿ ಕೊಂಡಿದ್ದರು. ನೆಲಮಹಡಿಯವಳು ರುಬ್ಬುತ್ತಾಳೆ, ಎರಡನೇ ಮಹಡಿಯವಳು ಪ್ಯಾಕೆಟ್ ಕಟ್ಟುತ್ತಾಳೆ, ನಾಲ್ಕನೇ ಮಹಡಿಯವಳು ಅಂಗಡಿಗಳಿಗೆ ಹಾಕಿ ಬರುತ್ತಾಳೆ. ತಪಾಸಣೆಯವರು ಬರುತ್ತಾರೆಂದು ತಿಳಿದರೆ ಗ್ರೈಂಡರನ್ನು ಮಹಡಿಯಿಂದ ಮಹಡಿಗೆ ಹೊರುತ್ತಾರೆ.

"ಲಿಫ್ಟ್ ಕೆಟ್ಟು ವರ್ಷವಾಯ್ತು. ನಿಮ್ಮ ಸರ್ವೇ ಬಂದ್ರೆ ಕಲ್ಲಿಗೂ ಸೊಂಟ ನೋವು" ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿ, "ಫ್ರಿಜ್ಜಿಗೆ ಏನೂ ತೊಂದ್ರೆ ಆಗಲ್ಲ ತಾನೇ?" ಎಂದಳು.

ಗ್ರೈಂಡರನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ದುಡಿಯುತ್ತಿರುವವರಿಗೆ ಟ್ರಸ್ಟಿನವರು ಮುಂದೆ ಫ್ರಿಜ್ ಕೊಡುವವರಿದ್ದರು. ಬೇಸಿಗೆಯಲ್ಲಿ ಅವಳ ಹಿಟ್ಟು ಮಧ್ಯಾಹ್ನದೊಳಗೆ ಹುಳಿ ಬರುತ್ತಿತ್ತು, ಅಂಗಡಿಯವರು ವಾಪಸು ಮಾಡುತ್ತಿದ್ದರು. ಫ್ರಿಜ್ ಬಂದರೆ ವ್ಯಾಪಾರ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

"ಹೆಸರೇ ಇರಲ್ಲವಲ್ಲ ಅಕ್ಕಾ" ಎಂದೆ.

ಟ್ರಸ್ಟಿಗೆ ಹೋಗುವ ವರದಿಗೆಂದು ಆ ಮಾತುಕತೆಯನ್ನು ಹನ್ನೊಂದು ಪುಟ ಬರೆದೆ. ಹೆಸರು ತೆಗೆದೆ. ಬ್ಲಾಕು, ಮಹಡಿ, ವಯಸ್ಸು, ಮಕ್ಕಳ ಶಾಲೆ, ಎಲ್ಲ ತೆಗೆದೆ. ಎರಡು ಸಲ ಓದಿ ಒಂದೊಂದಕ್ಕೂ ಗೀಟು ಹಾಕಿಕೊಂಡೆ. ಗ್ರೈಂಡರಿನ ನಂಬರನ್ನು ಮಾತ್ರ ಹಾಗೆಯೇ ಉಳಿಸಿದೆ. ಅದು ವಸ್ತುವಿನದು, ಮನುಷ್ಯರದಲ್ಲ ಅಂದುಕೊಂಡೆ. ಜೊತೆಗೆ, ಅದನ್ನು ಕಂಡುಹಿಡಿದವಳು ನಾನು ಎಂಬ ಹೆಮ್ಮೆಯೂ ಇತ್ತು. ಯಾವ ನಂಬರಿನ ಯಂತ್ರ ಯಾರಿಗೆ ಕೊಟ್ಟದ್ದು ಎಂಬ ರಿಜಿಸ್ಟರು ಟ್ರಸ್ಟಿನ ಬೀರುವಿನಲ್ಲಿತ್ತು. ಒಬ್ಬಳು ಸಿಕ್ಕರೆ ಉಳಿದಿಬ್ಬರು ಸಿಗುವುದು ಕಷ್ಟವಿರಲಿಲ್ಲ.

ಜೂನ್‌ನಲ್ಲಿ ಫ್ರಿಜ್ಜಿನ ಪಟ್ಟಿ ಬಂತು. ಮೂವರ ಹೆಸರೂ ಇರಲಿಲ್ಲ. ಕಾರಣದ ಜಾಗದಲ್ಲಿ 'ಸ್ವತ್ತಿನ ದುರುಪಯೋಗ' ಎಂದಿತ್ತು. ಗ್ರೈಂಡರಿನ ಮೇಲೆ ಬಟ್ಟೆಯ ಗಂಟು ಪೇರಿಸಿಟ್ಟವರಿಗೆಲ್ಲ ಫ್ರಿಜ್ ಸಿಕ್ಕಿತ್ತು. ಅವರ ಯಂತ್ರ ಅವರವರ ಮನೆಯಲ್ಲೇ ಇತ್ತಲ್ಲ.

"ನಲವತ್ತರಲ್ಲಿ ದಿನಾ ಹಿಟ್ಟು ಮಾರ್ತಿರೋದು ಈ ಮೂವರೇ ಮೇಡಂ" ಎಂದೆ.

"ನಿಜ ಇರಬಹುದು. ಆದರೆ ಸೇರಿ ಮಾಡೋದಕ್ಕೆ ನಮ್ಮಲ್ಲಿ ಅಳತೆ ಇಲ್ಲ. ಎಣಿಕೆಗೂ ಮಾತಿಗೂ ತಾಳೆ ಆಯ್ತು ಅಂತ ಟ್ರಸ್ಟಿನವರು ಎಷ್ಟು ಮೆಚ್ಚಿಕೊಂಡ್ರು ಗೊತ್ತಾ? ನಿನ್ನ ಕೆಲಸ ಅದು."

ಮನೆಯಲ್ಲಿ ಅಪ್ಪನಿಗೆ ಹೇಳಿದೆ. ಅವರು ಊಟ ಮಾಡುತ್ತಿದ್ದರು. "ಅಲ್ಲ ಮಾರಾಯ್ತಿ, ನಂಬ್ರ ಬರ್ದದ್ದು ಎಂತಕ್ಕೆ? ಯಾರು ಕೇಳಿದ್ರು ನಿನ್ನ ಹತ್ರ?" ಎಂದರು.

ಮರುದಿನ ನೆಲಮಹಡಿಯವಳ ಮನೆಗೆ ಹೋದೆ. ಅವಳಿಗೆ ಆಗಲೇ ಗೊತ್ತಿತ್ತು. ಕ್ಷಮಿಸಿ ಅಕ್ಕಾ ಎಂದೆ.

"ಹೆಸರು ಬರಲ್ಲ ಅಂದೆ, ಬರಲಿಲ್ಲ. ನೀನೇನೂ ಸುಳ್ಳು ಹೇಳಿಲ್ಲ" ಎಂದಳು. ಅಂದು ಕಣ್ಣು ಎಂದು ಕರೆಯಲಿಲ್ಲ. ಟ್ರಸ್ಟಿಗೆ ಪತ್ರ ಬರೆದೆ. ಮೂರು ಸಲ ಬರೆದೆ, ಉತ್ತರ ಬಂದದ್ದು ಸೊನ್ನೆ.

ವರ್ಷದ ಕೊನೆಯ ಸುತ್ತಿಗೆ ಅದೇ ಬ್ಲಾಕು ನನ್ನ ಪಾಲಿಗೆ ಬಂತು. ನೆಲಮಹಡಿಯ ಮನೆಯಲ್ಲಿ ಗ್ರೈಂಡರು ಒರೆಸಿ, ಕುಂಕುಮ ಇಟ್ಟು, ಗೋಡೆಯ ಬದಿಗಿತ್ತು. ಕಲ್ಲು ಒಣಗಿತ್ತು. ಸ್ಕೂಟಿಯವಳು ಅಂಬತ್ತೂರಿನ ಫ್ಯಾಕ್ಟರಿಯ ಕೆಲಸಕ್ಕೆ ಸೇರಿದ್ದಾಳೆಂದು ಪಕ್ಕದ ಮನೆಯವರು ಹೇಳಿದ್ದರು.

"ಯಂತ್ರ ಮನೆಯಲ್ಲಿದೆಯಾ?"

"ಇದೆ."

"ಬಳಸ್ತಿದ್ದೀರಾ?"

"ಹೌದು."

"ಅಕ್ಕಾ, ನಿಜ ಹೇಳಿ, ಹಿಟ್ಟಿನ ವ್ಯಾಪಾರ..."

"ಹೌದು ಅಂದೆನಲ್ಲ, ಬರ್ಕೋಮ್ಮಾ. ಮುಂದಿನ ಪ್ರಶ್ನೆ ಕೇಳು."

ಟ್ಯಾಬಿನಲ್ಲಿ ಹೌದು ಎಂಬುದನ್ನು ಒತ್ತಿದೆ. ಮುಂದಿನ ಪ್ರಶ್ನೆ ಕೇಳಿದೆ.